ಮೂರನೆಯ ಪೆಡಲು

ಕ್ಲಚ್ ಪ್ಲೇಟ್ ಸುಡುವ ವಾಸನೆ ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ನೀವು ಪುಣ್ಯವಂತರು. ರಬ್ಬರಿನದ್ದೂ ಅಲ್ಲ, ಕೂದಲಿನದ್ದೂ ಅಲ್ಲ, ಎರಡನ್ನೂ ಒಟ್ಟಿಗೆ ಒಲೆಗೆ ಹಾಕಿದರೆ ಬರುವಂಥ ಒಂದು ಗಬ್ಬು. ಇವತ್ತು ಬೆಳಿಗ್ಗೆ ಬ್ರಹ್ಮಾವರದ ಸರ್ವಿಸ್ ರೋಡಿನಲ್ಲಿ ಎರಡು ಬಸ್ಸುಗಳು ಜನ ಹತ್ತಿಸಿಕೊಳ್ಳುವ ಪೈಪೋಟಿಗೆ ಬಿದ್ದು ದಾರಿಯನ್ನೇ ಮುಚ್ಚಿಕೊಂಡು ನಿಂತಿದ್ದವು. ಅವುಗಳ ಬೆನ್ನಿಗೆ ನಮ್ಮ ಕಾರು. ಸ್ಟೇರಿಂಗ್ ಹಿಡಿದವನು ನನ್ನ ತಮ್ಮ ಶೀನ. ಅವನು ನ್ಯೂಟ್ರಲ್ ಮಾಡಿ ಸುಮ್ಮನೆ ಕೂರುವ ಜಾತಿಯವನಲ್ಲ. ಕ್ಲಚ್ಚನ್ನು ಅರ್ಧ ಒತ್ತಿ ಹಿಡಿದು, ಚೂರು ಮುಂದೆ, ಚೂರು ಹಿಂದೆ ಎಂದು ಕಾರನ್ನು ತೊಟ್ಟಿಲು ತೂಗಿದ ಹಾಗೆ ತೂಗುತ್ತಿದ್ದ.

"ಕ್ಲಚ್ ಸುಡ್ತಾ ಇತ್ತ್" ಎಂದೆ.

"ಅದ್ ನಮ್ದಲ್ಲ ಅಕ್ಕ, ಬಸ್ಸಿಂದ್" ಎಂದ.

ಬಸ್ಸಿನದ್ದಂತೆ! ನಮ್ಮ ಬಾನೆಟ್ಟಿನಿಂದ ಹೊಗೆ ಏಳುವುದೊಂದು ಬಾಕಿ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನಿದೆ, ನನ್ನ ಸಿಟ್ಟು ಕ್ಲಚ್ ಸುಟ್ಟದ್ದಕ್ಕಲ್ಲ. ಈ ಕಾರಿನಲ್ಲಿ ಕ್ಲಚ್ ಅನ್ನುವ ವಸ್ತು ಇದೆಯಲ್ಲ, ಅದಕ್ಕೆ. ಇದು ಆಟೋಮ್ಯಾಟಿಕ್ ಕಾರಾಗಿತ್ತು. ಎರಡೇ ಪೆಡಲು, ಬ್ರೇಕು ಮತ್ತು ಎಕ್ಸಿಲರೇಟರು. ಎರಡಕ್ಕೂ ಬಲಗಾಲು ಸಾಕು. ನನ್ನಲ್ಲಿ ಬಲ ಇರುವುದು ಅದೊಂದರಲ್ಲೇ. ಎಡಗಾಲು ನಾನು ಚಿಕ್ಕವಳಿರುವಾಗ ಒಂದು ಕೆಟ್ಟ ಜ್ವರಕ್ಕೆ ಸೋತು ಹೋಯಿತು. ನಡೆಯುತ್ತೇನೆ, ಆದರೆ ಕುಂಟುತ್ತೇನೆ. ಆ ಕಾಲಿನಿಂದ ಏನನ್ನಾದರೂ ಒತ್ತು ಎಂದರೆ ಆಗುವುದಿಲ್ಲ.

ನೋಡಿ, ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಬೀಜಾಡಿಯ ನಮ್ಮ ಮನೆಯಲ್ಲಿ ಈ ಮಾತನ್ನು ಯಾರೂ, ಯಾವತ್ತೂ ಬಾಯಿಬಿಟ್ಟು ಹೇಳಿದ್ದಿಲ್ಲ. ಅದು ಅಮ್ಮನ ಕಟ್ಟಪ್ಪಣೆ. ನನ್ನ ಜ್ವರ ಬಿಟ್ಟು ನಾನು ಮೊದಲ ಸಲ ಎದ್ದು ನಿಂತ ದಿನ, ನೆರೆಮನೆಯ ಒಬ್ಬಳು ಅಂಗಳದಲ್ಲಿ ನಿಂತು, "ಅಯ್ಯೋ, ಹೆಣ್ಣಿನ್ ಕಾಲ್ ಹೋಯ್ತಲೆ" ಎಂದಳಂತೆ. ಅಮ್ಮ ಕೈಯಲ್ಲಿದ್ದ ಮೀನಿನ ಬುಟ್ಟಿಯನ್ನು ಅವಳ ಕಡೆಗೇ ಎಸೆದಳಂತೆ. ಆಮೇಲೆ ಮನೆಯವರನ್ನೆಲ್ಲ ಒಳಗೆ ಕರೆದು, "ಇವ್ಳ ಕಾಲಿನ್ ಸುದ್ದಿ ಈ ಮನ್ಯಂಗೆ ಯಾರೂ ಎತ್ತೂಕಾಗ. ಎತ್ತಿದವ್ರಿಗೆ ಇಲ್ಲಿ ಅನ್ನ ಇಲ್ಲೆ" ಎಂದಳು. ಇದನ್ನು ನನಗೆ ಹೇಳಿದವರು ಯಾರೆಂದು ನೆನಪಿಲ್ಲ. ಅಮ್ಮನಂತೂ ಅಲ್ಲ.

ಅಪ್ಪಯ್ಯ, ಶೀನ, ತಂಗಿ ಗುಲಾಬಿ, ಮೂವರೂ ಅದನ್ನು ವ್ರತದ ಹಾಗೆ ಪಾಲಿಸಿದರು. ಶಾಲೆಗೆ ಹೋಗುವಾಗ ಶೀನನೂ ಗುಲಾಬಿಯೂ ನನ್ನ ನಡಿಗೆಗೆ ಸರಿಯಾಗಿ ನಿಧಾನ ಹೆಜ್ಜೆ ಹಾಕುತ್ತಿದ್ದರು. ಬೇರೆ ಮಕ್ಕಳು ಓಡಿ ಹೋಗುತ್ತಿದ್ದರು, ನಮ್ಮ ಮೂವರದ್ದು ಮೆರವಣಿಗೆ. ಯಕ್ಷಗಾನದ ಆಟ ನೋಡಲು ಕೋಟೇಶ್ವರಕ್ಕೆ ಹೋಗಬೇಕಾದರೆ ನಾವು ಎಲ್ಲರಿಗಿಂತ ಮೊದಲು ಮನೆಯಿಂದ ಹೊರಡುತ್ತಿದ್ದೆವು. ಯಾಕೆ ಎಂದು ಯಾರಾದರೂ ಕೇಳಿದರೆ ಅಪ್ಪಯ್ಯ, "ನಂಗ್ ಮೊಣಗಂಟ್ ನೋವ್ ಮಾರಾಯ್ರೆ, ಮೆಲ್ಲ ಹೋಯ್ಕ್" ಎನ್ನುತ್ತಿದ್ದರು. ಸಮುದ್ರದಲ್ಲಿ ಬಲೆ ಎಳೆಯುವ ಮನುಷ್ಯ, ಮೊಣಗಂಟು ಗಟ್ಟಿ ಕಲ್ಲಿನ ಹಾಗಿತ್ತು. ಪ್ರೀತಿ ಅಲ್ಲವೇ ಎನ್ನುತ್ತೀರಿ. ಹೌದು, ಪ್ರೀತಿಯೇ. ನಾನೇನು ಅಲ್ಲ ಎಂದೆನೇ? ಆದರೆ ಆ ಪ್ರೀತಿಯ ಒಳಗೆ ನನಗೆ ಕೈ ಕಾಲು ಆಡಿಸಲು ಜಾಗ ಇರಲಿಲ್ಲ.

ಹೆಣ್ಣು ನೋಡಲು ಬರುವವರ ಕತೆಯಂತೂ ಕೇಳಬೇಡಿ, ಅಥವಾ ಕೇಳಿ, ಹೇಳಿಯೇ ಬಿಡುತ್ತೇನೆ. ಎಲ್ಲರ ಮನೆಯಲ್ಲಿ ಹುಡುಗಿ ಕಾಫಿ ತಟ್ಟೆ ಹಿಡಿದು ಒಳಗಿನಿಂದ ಬರುತ್ತಾಳೆ. ನಮ್ಮ ಮನೆಯಲ್ಲಿ ಹುಡುಗಿ ಮೊದಲೇ ಬಂದು ಕೂತಿರುತ್ತಿದ್ದಳು. ಗಂಡಿನವರು ದಣಪೆ ದಾಟಿ ಅಂಗಳಕ್ಕೆ ಬರುವ ಮೊದಲೇ ಅಮ್ಮ ನನ್ನನ್ನು ಜಗಲಿಯ ಬೆಂಚಿನಲ್ಲಿ ಕೂರಿಸಿ, ಸೀರೆ ಹರಡಿ, ತಲೆಗೆ ಮಲ್ಲಿಗೆ ಇಟ್ಟು ಸಿದ್ಧ ಮಾಡುತ್ತಿದ್ದಳು. ಅವರು ಹೋಗಿ ಗದ್ದೆಯ ಅಂಚು ದಾಟುವ ತನಕ ನಾನು ಏಳುವ ಹಾಗಿಲ್ಲ. ಒಬ್ಬ ಹೆಂಗಸು ಮಾತ್ರ ಬಲು ಚಾಲಾಕು. "ಹುಡ್ಗಿ ಒಂಚೂರ್ ನಡ್ದ್ ತೋರ್ಸ್ಲಿ" ಎಂದಳು. ಅಮ್ಮ ಉರಿದು ಬಿದ್ದಳು. "ಎಂತಕ್ ನಡೂದ್? ನಮ್ಮ್ ಹುಡ್ಗಿಗ್ ಎಂತ ಆಯ್ತ್?" ಎಂದಳು. ಆ ಸಂಬಂಧ ಅಲ್ಲಿಗೇ ಮುರಿಯಿತು, ಮತ್ತೆ ಬೇರೆ ಯಾವುದೂ ಕೂಡಿ ಬರಲಿಲ್ಲ. ನನಗೆ ಮದುವೆ ಆಗದ್ದಕ್ಕೆ ಬೇಜಾರಿಲ್ಲ, ದೇವರಾಣೆ ಇಲ್ಲ. ಆ ಬೆಂಚಿನ ಮೇಲೆ ಗೊಂಬೆಯ ಹಾಗೆ ಕೂತದ್ದಕ್ಕೆ ಮಾತ್ರ ಇವತ್ತಿಗೂ ಮೈ ಉರಿಯುತ್ತದೆ.

ಅಮ್ಮ ತೀರಿಕೊಂಡು ವರ್ಷಗಳಾದವು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ನಾನು ಮಾಡುತ್ತೇನೆ. ಬದುಕಿರುವಾಗ ಅವಳ ಮೇಲೆ ಸಿಟ್ಟು ಮಾಡಲು ಯಾರಿಗೆ ಧೈರ್ಯವಿತ್ತು?

ಕಾರಿನ ವಿಷಯಕ್ಕೆ ಬರುತ್ತೇನೆ. ನನ್ನದು ಒಣಮೀನಿನ ವ್ಯಾಪಾರ. ಬೀಜಾಡಿಯ ಕಡಲ ದಂಡೆಯ ಹೊಯಿಗೆಯ ಮೇಲೆ ಒಣಗಿಸಿದ ಸಿಗಡಿ, ನಂಗು, ಬಂಗುಡೆ, ಜೊತೆಗೆ ನಾನೇ ಹುರಿದು ಕುಟ್ಟಿದ ಸಿಗಡಿ ಚಟ್ನಿಪುಡಿ. ಕುಂದಾಪುರದ ಅಂಗಡಿಗಳಿಗೆ, ಆ ಕಡೆ ಬೈಂದೂರಿಗೆ, ಈ ಕಡೆ ಬ್ರಹ್ಮಾವರಕ್ಕೆ ಮುಟ್ಟಿಸಬೇಕು. ಮೊದಲೆಲ್ಲ ಬಸ್ಸಿನವರನ್ನು, ರಿಕ್ಷಾದವರನ್ನು ಕಾಡಿ ಬೇಡಿ ಹೋಗುತ್ತಿದ್ದೆ. ಒಂದು ದಿನ ಬ್ರಹ್ಮಾವರದ ಒಂದು ಅಂಗಡಿಯ ಮುಂದೆ ಮಲ್ಲಿಗೆ ಮುಡಿದ ಅಜ್ಜಿಯೊಬ್ಬರು ಕಾರು ತಂದು ನಿಲ್ಲಿಸಿದರು. ಅವರು ಕಾರು ನಿಲ್ಲಿಸುವಾಗ ಎಡಗಾಲನ್ನು ಮಡಚಿ ಸೀಟಿನ ಕೆಳಗೆ ಇಟ್ಟುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಹೋಗಿ ಕೇಳಿದೆ. "ಇದಕ್ಕೆ ಎಡಗಾಲಿನ ಕೆಲಸವೇ ಇಲ್ಲ ತಾಯಿ" ಎಂದರು. ಆ ದಿನ ಬಸ್ ಸ್ಟ್ಯಾಂಡಿಗೆ ಹೇಗೆ ಬಂದೆನೋ ತಿಳಿಯದು. ನನಗೆ ಅಷ್ಟು ಖುಷಿಯಾಗಿತ್ತು.

ಉಡುಪಿಯ ಕಡೆ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ತಮ್ಮ ಹಳೇ ಆಟೋಮ್ಯಾಟಿಕ್ ಕಾರನ್ನು ಮಾರುತ್ತಾರೆಂದು ಗೊತ್ತಾಯಿತು. ಬೂದಿ ಬಣ್ಣದ ಸಣ್ಣ ಕಾರು. ಕೊಂಡೆ. ಕಲಿತೆ. ಲೈಸೆನ್ಸಿಗೆ ಡಾಕ್ಟರ ಹತ್ತಿರ, ಆಫೀಸರ ಹತ್ತಿರ ನಾನೊಬ್ಬಳೇ ಹೋಗಿ, ಕಾಲು ತೋರಿಸಿ, ಹೇಳಬೇಕಾದ್ದನ್ನು ಹೇಳಿ ಬಂದೆ. ಪರಸ್ಥಳದವರ ಎದುರು ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಮನೆಯಲ್ಲಿ ಮಾತ್ರ ಯಾರೂ "ನಿನಗೆ ಲೈಸೆನ್ಸ್ ಹೇಗೆ ಕೊಟ್ಟರು" ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಆಟೋಮ್ಯಾಟಿಕ್ ಎಂತಕ್ ತಕಂಡೆ ಅಕ್ಕ, ಅದ್ ಹೆಂಗ್ಸರ್ ಗಾಡಿ" ಎಂದ ಶೀನ. "ನಾನ್ ಮತ್ತೆ ಗಂಡ್ಸಾ?" ಎಂದೆ. ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಆ ಕಾರು ನನಗೆ ಏನಾಗಿತ್ತು ಎಂದು ಹೇಗೆ ಹೇಳಲಿ? ರಸ್ತೆಗೆ ಬಿದ್ದೆನೆಂದರೆ ನಾನು ಯಾರಿಗೂ ಹಿಂದೆ ಬೀಳುತ್ತಿರಲಿಲ್ಲ. ಯಾರೂ ನನಗಾಗಿ ನಿಧಾನ ಮಾಡಬೇಕಾಗಿರಲಿಲ್ಲ. ಮರವಂತೆಯಲ್ಲಿ ರಸ್ತೆ ಮಧ್ಯ ನಿಂತು ಫೋಟೋ ತೆಗೆಯುವ ಟೂರಿಸ್ಟುಗಳಿಗೆ ಹಾರ್ನ್ ಹೊಡೆದು, ಬಾಯಿತುಂಬಾ ಬೈದು, ಬೈಂದೂರಿಗೆ ಹೋಗಿ ಮಾಲು ಇಳಿಸಿ, ಹಸಿವಾದರೆ ಒಂದು ಬನ್ಸ್ ತಿಂದು, ನನಗೆ ಬೇಕಾದಾಗ ವಾಪಸು. ಒಣಮೀನಿನ ವಾಸನೆ ಸೀಟಿಗೆಲ್ಲ ಹಿಡಿದು, ಮನೆಯ ಗಂಡಸರು ಕಾರನ್ನು ಮದುವೆ ಮುಂಜಿಗೆ ಕೇಳುತ್ತಲೂ ಇರಲಿಲ್ಲ. ಅದೂ ಒಂದು ಲಾಭವೇ. ಕಾರು ಪೂರ್ತಿ ನನ್ನದಾಗಿತ್ತು.

ಹಳೇ ಗಾಡಿ ತಾನೇ, ಒಂದು ದಿನ ಗೇರ್‌ಬಾಕ್ಸ್ ಕೈಕೊಟ್ಟಿತು. 'ಡಿ'ಗೆ, ಅಂದರೆ ಡ್ರೈವಿಗೆ ಹಾಕಿದರೆ ಹಿಂದಿನಿಂದ ಯಾರೋ ಒದ್ದ ಹಾಗೆ ಜಗ್ಗುವುದು, ಏರು ಹತ್ತುವಾಗ ಇಂಜಿನ್ ಕೂಗುವುದು, ಕಾರು ಮಾತ್ರ ನಿಂತಲ್ಲೇ. ಕೋಟೇಶ್ವರದ ಮೆಕ್ಯಾನಿಕ್ ಸಂಜೀವ ಕಾರಿನ ಅಡಿಗೆ ತೂರಿ ನೋಡಿ, ಎಣ್ಣೆ ಮೂಸಿ, ತಲೆ ಅಲ್ಲಾಡಿಸಿದ. "ಇದ್ರ್ ಸಾಮಾನ್ ಸಿಕ್ಕೂದ್ ಕಷ್ಟ ಅಕ್ಕ. ಇಂಥದ್ದೇ ಇನ್ನೊಂದ್ ಬಾಕ್ಸ್ ಹುಡ್ಕಿ ಹಾಕ್ಕ್" ಎಂದ. "ಹುಡ್ಕ್" ಎಂದೆ. ಅಷ್ಟರಲ್ಲಿ ಬಿಜೂರಿನಲ್ಲಿ ಗುಲಾಬಿಯ ಮಗಳಿಗೆ ಹೆರಿಗೆಯಾಯಿತು. ಗುಲಾಬಿಗೆ ಸೊಂಟ ಹಿಡಿದಿತ್ತು, ಬಾಣಂತಿಗೆ ಎಣ್ಣೆ ತಿಕ್ಕಿ ಮೀಯಿಸಲು ನಾನೇ ಹೋಗಬೇಕಾಯಿತು. ಹೋಗುವಾಗ ಶೀನನಿಗೆ, "ಸಂಜೀವ ಬಾಕ್ಸ್ ಹುಡ್ಕ್ತಾ ಇದ್ದ, ಕಂಡ್ಕೊ" ಎಂದು ಹೇಳಿ ಹೋದೆ. ಶೀನ ಮುಂಬಯಿಯ ಕ್ಯಾಂಟೀನಿನಲ್ಲಿ ದುಡಿದು ಬಂದವನು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ, ಯಾವ ಕೆಲಸವನ್ನೂ ಹೇಳಿದ ಹಾಗೆ ಮಾಡುವವನೂ ಅಲ್ಲ.

ಬಾಣಂತನ ಮುಗಿಸಿ ವಾಪಸು ಬಂದ ದಿನ ಅಂಗಳದಲ್ಲಿ ಕಾರು ಥಳಥಳ ಹೊಳೆಯುತ್ತಿತ್ತು. ತೊಳೆದು, ಒರೆಸಿ, ಬಾನೆಟ್ಟಿಗೆ ಸೇವಂತಿಗೆ ಹಾರ ಹಾಕಿ, ಚಕ್ರದಡಿಗೆ ನಿಂಬೆಹಣ್ಣು ಇಟ್ಟಿದ್ದ. ಮನೆಯವರು, ನೆರೆಯವರು ಎಲ್ಲ ಸೇರಿದ್ದರು. "ಕೂಕೊ ಅಕ್ಕ, ಬಿಡ್! ಈಗ್ ಏಕ್‌ದಂ ಹೊಸ್ತಾಯ್ತ್" ಎಂದು ಕೀ ಕೈಗಿಟ್ಟ.

ಖುಷಿಯಿಂದ ಕೂತೆ. ಬಲಗಾಲನ್ನು ಒಳಗಿಟ್ಟು, ಎಡಗಾಲನ್ನು ಕೈಯಿಂದ ಎತ್ತಿ ಒಳಗೆ ತೆಗೆದುಕೊಂಡೆ, ಯಾವಾಗಿನ ಹಾಗೆ. ಆ ಕಾಲು ಏನಕ್ಕೋ ತಾಗಿತು. ಬಗ್ಗಿ ನೋಡಿದೆ. ಮೂರು ಪೆಡಲು. ನನ್ನ ಅಗಲವಾದ ಬ್ರೇಕ್ ಪೆಡಲ್ ಇದ್ದಲ್ಲಿ ಒಂದು ಕಿರಿದಾದದ್ದು, ಅದರ ಎಡಕ್ಕೆ ಇನ್ನೊಂದು. ಸೀಟುಗಳ ನಡುವೆ ಕಪ್ಪು ಗುಬುಟಿನ ಉದ್ದ ಗೇರು. ಎಲ್ಲೋ ಗುದ್ದಿ ಗುಜರಿಗೆ ಬಿದ್ದ ಅದೇ ಮಾದರಿಯ ಗೇರ್ ಕಾರೊಂದರಿಂದ ಗೇರ್‌ಬಾಕ್ಸ್, ಕ್ಲಚ್, ಕೇಬಲ್, ಪೆಡಲುಗಳು, ಎಲ್ಲವನ್ನೂ ಬಿಚ್ಚಿ ತಂದು ನನ್ನ ಕಾರಿಗೆ ಕೂರಿಸಿದ್ದರು. ಹಳೇ ಬಾಕ್ಸನ್ನು ಗುಜರಿಯವನಿಗೆ ಕೊಟ್ಟೂ ಆಗಿತ್ತು.

"ಈಗ ಗಾಡಿ ಗಾಡಿ ಆಯ್ತ್ ಕಾಣಿ" ಎಂದರು ನೆರೆಮನೆಯವರು. "ಶೀನ ಇದ್ದದ್ದಕ್ಕೆ ಆಯ್ತ್." ಶೀನ ಕೈಕಟ್ಟಿಕೊಂಡು ನಿಂತಿದ್ದ, ಮದುಮಗನ ಅಪ್ಪನ ಹಾಗೆ. ಎಲ್ಲರೂ ನಾನು ಕಾರು ಬಿಡುವುದನ್ನೇ ಕಾಯುತ್ತಿದ್ದರು. ನನ್ನ ಕಾಲು ಅಲ್ಲಿದ್ದವರಿಗೆಲ್ಲ ಗೊತ್ತು. ಊರಿಗೇ ಗೊತ್ತು. ಒಬ್ಬನೇ ಒಬ್ಬ ಬಾಯಿ ಬಿಡಲಿಲ್ಲ.

ಬಿಟ್ಟೆನೇ ನಾನಾದರೂ? ನನ್ನ ಬಾಯಿ ಇದೆಯಲ್ಲ, ಬೈಂದೂರಿನ ಅಂಗಡಿಯವರನ್ನೇ ಹೆದರಿಸಿದ ಬಾಯಿ, ಅದಕ್ಕೂ ಬೀಗ ಬಿತ್ತು. "ತಲಿ ನೋವ್. ನಾಳೆ ಬಿಡ್ತೆ" ಎಂದು ಇಳಿದು ಒಳಗೆ ಹೋದೆ. ಅಮ್ಮನ ಫೋಟೋದ ಎದುರು ನಿಂತೆ. ಅಪ್ಪಣೆ ಕೊಟ್ಟವಳು ಗೋಡೆಯ ಮೇಲೆ ಕುಂಕುಮ ಇಟ್ಟುಕೊಂಡು ಶಾಂತವಾಗಿದ್ದಳು. ಫೋಟೋ ತಿರುಗಿಸಿ ಇಟ್ಟೆ. ಸಂಜೆ ಶೀನನ ಹೆಂಡತಿ ಅದನ್ನು ಸರಿ ಮಾಡಿದಳು, ಏನೂ ಕೇಳಲಿಲ್ಲ. ಈ ಮನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ.

ಮಾರನೇ ದಿನ ರಿಕ್ಷಾ ಹಿಡಿದು ಸಂಜೀವನ ಗ್ಯಾರೇಜಿಗೆ ಹೋದೆ. ನಾನು ತಿಳಿದುಕೊಂಡದ್ದು, ಇದೆಲ್ಲ ಅವನದೇ ಕಿತಾಪತಿ, ಸುಲಭದ ದಾರಿ ಹಿಡಿದು ಶೀನನಿಗೆ ಟೋಪಿ ಹಾಕಿದ್ದಾನೆ ಎಂದು. ಬೈಗುಳವನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡಿದ್ದೆ.

"ಸಂಜೀವ, ನಿಂಗ್ ಕಣ್ಣಿಲ್ಯಾ? ಯಾರ್ ಗಾಡಿ ಅಂದ್ ಗೊತ್ತಿಲ್ಯಾ?"

ಅವನು ಕೈಯ ಗ್ರೀಸನ್ನು ಚಿಂದಿಗೆ ಒರೆಸುತ್ತ ನಿಂತ. "ನಾನ್ ಕೇಂಡಿದ್ದೆ ಅಕ್ಕ. 'ಆಟೋಮ್ಯಾಟಿಕ್ ಬಾಕ್ಸ್ ಬಪ್ಪುಕೆ ತಡ ಆತ್ತ್. ಗೇರಿಂದ್ ಇತ್ತ್, ಆರೆ ಅಕ್ಕ ಗೇರ್ ಗಾಡಿ ಬಿಡ್ತ್ರಾ?' ಅಂದೇಳಿ. ಆಗ ಇಲ್ಲಿ ನಾಲ್ಕ್ ಜನ ಇದ್ರ್. ಶೀನಣ್ಣ ಅವ್ರ್ ಮುಖ ಕಂಡ್ರ್. ಮತ್ತೆ, 'ಎಂತಕ್ ಬಿಡೂದಿಲ್ಲ? ಅವ್ಳಿಗ್ ಎಂತ ಆಯ್ತ್?' ಅಂದ್ರ್. ಅದ್ರ್ ಮೇಲೆ ನಾನ್ ಎಂತ ಹೇಳೂದ್?"

ಅವ್ಳಿಗ್ ಎಂತ ಆಯ್ತ್! ಅಮ್ಮನ ಮಾತು, ಹೆಣ್ಣು ನೋಡಲು ಬಂದವಳಿಗೆ ಹೇಳಿದ್ದೇ. ಸಂಜೀವ ಸ್ಟೂಲು ಕೊಟ್ಟ, ಬೈಯಲೂ ಇಲ್ಲ, ಕೂರಲೂ ಇಲ್ಲ, ಬಂದುಬಿಟ್ಟೆ.

ಶೀನ ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದ.

"ನಿಂಗ್ ನೆನ್ಪಿಲ್ಲ್ಯಾ, ಅಥ್ವಾ ಬೇಕಂದೇ ಮಾಡಿದ್ಯಾ?" ಎಂದೆ.

"ಎಂತದ್ ಅಕ್ಕ?"

"ನನ್ನ್ ಕಾಲ್!"

ಚಾದ ಲೋಟ ಕೆಳಗಿಟ್ಟ. ಯಾರಾದರೂ ಕೇಳಿಸಿಕೊಂಡರೇನೋ ಎಂದು ಅಂಗಳದ ಕಡೆ ನೋಡಿದ. ಅಲ್ಲಿ ಇದ್ದದ್ದು ಒಂದು ಕೋಳಿ. "ಮೆಲ್ಲ ಮಾತಾಡ್ ಅಕ್ಕ" ಎಂದ.

"ಮೆಲ್ಲ ಮಾತಾಡೂದಿಲ್ಲ. ಗೊತ್ತಿತ್ತಾ ಇಲ್ಲ್ಯಾ?"

"ಗೊತ್ತಿಲ್ದೆ ಇರತ್ತಾ? ಆರೆ ಅಷ್ಟ್ ಜನರ್ ಎದ್ರ್ ಹೇಂಗ್ ಹೇಳೂದ್? ನನ್ನ್ ಬಾಯಂಗೆ ಬತ್ತಿಲ್ಲ ಅಕ್ಕ ಅದ್. ಅಮ್ಮ ಹೇಳೂಕಾಗ ಅಂದಿತ್ತಲೆ."

"ಮತ್ತೆ ಗೇರ್ ಗಾಡಿ ನಾನ್ ಹೇಂಗ್ ಬಿಡ್ತೆ ಅಂದ್ ಮಾಡ್ಕಂಡೆ?"

ಅವನು ತಲೆ ತಗ್ಗಿಸಿಕೊಂಡು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. "ನೀನ್ ಹೇಂಗಾರೂ ಮಾಡ್ತೆ ಅಂದ್ಕಂಡೆ. ಇಷ್ಟ್ ವರ್ಷ ಎಲ್ಲಾ ಹೇಂಗಾರೂ ಮಾಡ್ದೆ ಅಲ್ದಾ."

ಹೇಗಾದರೂ! ನೀವೇ ಹೇಳಿ, ಇದಕ್ಕೆ ಏನು ಮಾಡುವುದು? ನನ್ನನ್ನು ಮರೆತಿದ್ದರೆ ಬೈದು ಮುಗಿಸಬಹುದಿತ್ತು. ತಲೆ ಬಿಳಿಯಾದ ಗಂಡಸು, ಬೋಟಿನಲ್ಲಿ ಪಾಲುದಾರ, ಮುಂಬಯಿಯ ಗಲ್ಲಿಗಳಲ್ಲಿ ಹಫ್ತಾದವರ ಎದುರು ನಿಂತು ಜಗಳವಾಡಿದವನು, ಅಕ್ಕನ ಕಾಲಿನ ಬಗ್ಗೆ ಒಂದು ವಾಕ್ಯ ಹೇಳಲಾರದೆ ಅಕ್ಕನ ಕಾರನ್ನೇ ಬಲಿ ಕೊಟ್ಟುಬಿಟ್ಟ. ನಾನು ಒಂದು ಇಡೀ ಮನೆಯ ಮುಜುಗರವಾಗಿ ಬದುಕಿದ್ದೇನೆಂದು ಆ ಹೊತ್ತಿಗೆ ಅರ್ಥವಾಯಿತು. ಪ್ರೀತಿಯ ಮುಜುಗರ, ಆದರೂ ಮುಜುಗರವೇ. ಹೇಳಬಾರದ ವಿಷಯ ಅಂದರೆ ನಾಚಿಕೆಯ ವಿಷಯ ಅಂತಲೇ ಅಲ್ಲವೇ? ನನಗೆ ಅಮ್ಮನ ಮೇಲೆ, ಅಪ್ಪಯ್ಯನ ಆ ಸುಳ್ಳು ಮೊಣಗಂಟಿನ ಮೇಲೆ, ಎಲ್ಲದರ ಮೇಲೆ ಒಟ್ಟಿಗೇ ಸಿಟ್ಟು ಏರಿತು. ಚಾದ ಲೋಟವನ್ನು ಅಂಗಳಕ್ಕೆ ಒಗೆದೆ. ಅಮ್ಮನ ಮಗಳು ತಾನೇ ನಾನು.

"ಕೇಂಡ್ಕೊ" ಎಂದೆ. "ಇದನ್ನ್ ತೆಗ್ದ್ ಮತ್ತೆ ಆಟೋಮ್ಯಾಟಿಕ್ಕೇ ಹಾಕ್ಸ್ಕ್. ಹಾಕ್ಸೂದ್ ನೀನೇ. ಎಂತಕ್ ಅಂದ್ ಯಾರಾದ್ರೂ ಕೇಂಡ್ರೆ ಹೇಳೂದೂ ನೀನೇ. ನಾನ್ ಬಾಯ್ ಬಿಡೂದಿಲ್ಲೆ."

ಅವನು ಹೂಂ ಎಂದ. ಎಂದದ್ದು ಅಷ್ಟೇ. ಬೋಟಿನ ಕೆಲಸ ಅಂದ, ಮಳೆಗಾಲ ಮುಗಿಯಲಿ ಅಂದ, ಸಂಜೀವ ಹುಡುಕುತ್ತಿದ್ದಾನೆ ಅಂದ. ನಡುವೆ ಒಮ್ಮೆ, "ನಾನೇ ಬಿಡ್ತೆ ಅಕ್ಕ, ನಿಂಗ್ ಎಲ್ಲಿಗ್ ಹೋಯ್ಕ್ ಹೇಳ್, ಕರ್ಕಂಡ್ ಹೋತೆ" ಎಂದ. ಕರೆದುಕೊಂಡು ಹೋಗುತ್ತಾನಂತೆ! ನಾನೇನು ಮೂಟೆಯೇ? ಒಂದು ಹೊತ್ತು ಅವನೊಡನೆ ಮಾತು ಬಿಟ್ಟೆ.

ವ್ಯಾಪಾರ ಬಿಡುವ ಹಾಗಿರಲಿಲ್ಲ. ಮತ್ತೆ ಬಸ್ಸಿಗೆ ಬಿದ್ದೆ. ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳನ್ನು ನೀವು ಬಲ್ಲಿರಿ. ಒಂದು ಕಾಲು ಮೆಟ್ಟಿಲ ಮೇಲಿದ್ದರೆ ಸಾಕು, ಕಂಡಕ್ಟರನ ಸೀಟಿ ಬಿದ್ದಾಯಿತು. ನನಗೆ ಎರಡನೆಯ ಕಾಲನ್ನು ಎತ್ತಿ ಇಡಲು ಹೊತ್ತು ಬೇಕು. ಕೈಯಲ್ಲಿ ಒಣಮೀನಿನ ಚೀಲ ಬೇರೆ. "ಹ್ವಾಯ್ ಅಕ್ಕ, ಈ ಚೀಲ ಇಲ್ಲಿಡೂಕಾಗ, ಜನ ಬೈತ್ರ್" ಎಂದು ಅವನ ಗಲಾಟೆ. "ಮನ್ಯಂಗೆ ಮೀನ್ ತಿಂಬುದಿಲ್ಲ್ಯಾ ನೀನ್?" ಎಂದು ನಾನು. ಬಸ್ಸಿಗೆ ಬಸ್ಸೇ ನಗುತ್ತಿತ್ತು, ಚೀಲ ಮಾತ್ರ ನನ್ನ ತೊಡೆಯ ಮೇಲೆಯೇ. ಬೈಂದೂರಿಗೆ ಮಾಲು ಸರಿಯಾಗಿ ಮುಟ್ಟದೆ ಅಲ್ಲಿಯ ಅಂಗಡಿಯವರು ಬೇರೆಯವರಿಂದ ತರಿಸಿಕೊಳ್ಳತೊಡಗಿದರು. ಬೇರೆ ಅಂಗಡಿಯವರೂ ಒಬ್ಬೊಬ್ಬರಾಗಿ, "ಅಕ್ಕ, ನಿಮ್ಗ್ ಯಾಕ್ ಈ ಪ್ರಾಯದಂಗೆ ತಾಪತ್ರಯ" ಎನ್ನಲು ಸುರುಮಾಡಿದರು. ನಾನು ಕಟ್ಟಿಕೊಂಡ ದಾರಿ ನನ್ನ ಕಣ್ಣೆದುರೇ ಮುಚ್ಚುತ್ತಿತ್ತು. ಕಾರು ಅಂಗಳದಲ್ಲೇ ಇತ್ತು. ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನಡೆದು ಬಸ್ಸಿಗೆ ಹೋಗುತ್ತಿದ್ದೆ.

ಮೊನ್ನೆ ಶೀನ ಬಾಗಿಲಲ್ಲಿ ನಿಂತು, "ಬ್ರಹ್ಮಾವರದ್ ಆಚೆ ಒಂದ್ ಗುಜರಿ ಯಾರ್ಡ್ ಇತ್ತಂಬ್ರ್. ಅಲ್ಲಿ ಸಿಕ್ಕೂಕೂ ಸಾಕ್. ಹೋಪನಾ?" ಎಂದ. ಹಾಗೆ ಹೊರಟದ್ದು ಇವತ್ತು. ದಾರಿಯುದ್ದಕ್ಕೂ ಕ್ಲಚ್ ಸುಟ್ಟುಕೊಂಡು, ಬಸ್ಸಿನದ್ದು ಎಂದು ಸಾಧಿಸಿಕೊಂಡು, ಅಂತೂ ಮುಟ್ಟಿದೆವು.

ಯಾರ್ಡ್ ಎಂದರೆ ಹೆದ್ದಾರಿಯ ಬದಿಯ ಒಂದು ಹಾಳು ಗದ್ದೆ. ಬಾಗಿಲಿಲ್ಲದ, ಚಕ್ರವಿಲ್ಲದ ಗಾಡಿಗಳು ಒಂದರ ಮೇಲೊಂದು. ಒಂದು ಕಡೆ ಇಬ್ಬರು ಬಸ್ಸಿನ ತಗಡನ್ನು ಕಟರ್ ಹಿಡಿದು ಕೊಯ್ಯುತ್ತಿದ್ದರು, ಕಿವಿ ಕಿತ್ತು ಹೋಗುವ ಸದ್ದು. ಯಜಮಾನ ತಗಡಿನ ಮಾಡಿನ ಕೆಳಗೆ ಕೂತು ಫೋನ್ ನೋಡುತ್ತಿದ್ದ. ಶೀನ ವಿಷಯ ಹೇಳಿದ. ಅವನು ನಮ್ಮ ಕಾರನ್ನು ನೋಡಿದ, ಶೀನನನ್ನು ನೋಡಿದ, ನಕ್ಕುಬಿಟ್ಟ.

"ಎಲ್ಲರೂ ಆಟೋಮ್ಯಾಟಿಕ್ ತೆಗ್ದ್ ಗೇರ್ ಹಾಕ್ತ್ರ್. ನೀವ್ ಉಲ್ಟಾ ಹೊರಟದ್ದಾ? ಒಳ್ಳೆ ಗೇರ್ ಗಾಡಿನ ಎಂತಕ್ ಹಾಳ್ ಮಾಡ್ತ್ರಿ ಮಾರಾಯ್ರೆ?"

ಶೀನ ಕೆಮ್ಮಿದ. "ಹಾಂಗೇ… ಟ್ರಾಫಿಕ್ಕಂಗೆ ಆಟೋಮ್ಯಾಟಿಕ್ ಒಳ್ಳೇದ್ ಅಲ್ದಾ" ಎಂದ.

"ನಮ್ಮೂರಂಗೆ ಎಂತ ಟ್ರಾಫಿಕ್? ಸುಮ್ನೆ ಖರ್ಚ್. ನನ್ನ್ ಮಾತ್ ಕೇಣಿ, ಇದ್ದದ್ದೇ ಬಿಡಿ" ಎಂದು ಅವನು ಮತ್ತೆ ಫೋನಿಗೆ ತಿರುಗಿದ. ಅವನ ಮಟ್ಟಿಗೆ ನಾವು ಹೋಗಿ ಆಗಿತ್ತು.

ಶೀನ ನನ್ನ ಮುಖ ನೋಡಿದ. ನಾನು ಕಾರಿಗೆ ಒರಗಿ ನಿಂತಿದ್ದೆ. ಹೇಳಿಬಿಡುವುದು ನನಗೆ ಎಷ್ಟು ಹೊತ್ತಿನ ಕೆಲಸ? ನಾಲಿಗೆಯ ತುದಿಯಲ್ಲೇ ಇತ್ತು. ಹಲ್ಲು ಕಚ್ಚಿ ಸುಮ್ಮನಿದ್ದೆ. ಇವನು ಈಗ ಬಾಯಿ ಬಿಡದಿದ್ದರೆ ಕಾರನ್ನು ಇಲ್ಲೇ ಗುಜರಿಗೆ ಕೊಟ್ಟು ಬಸ್ಸಿನಲ್ಲಿ ಮನೆಗೆ ಹೋಗುವುದು, ಮತ್ತೆ ಈ ಜನ್ಮದಲ್ಲಿ ಇವನ ಹತ್ತಿರ ಏನನ್ನೂ ಕೇಳುವುದಿಲ್ಲ ಎಂದು ನಿರ್ಧರಿಸಿದ್ದೆ. ತಮಾಷೆಗಲ್ಲ, ನಿಜಕ್ಕೂ.

ಶೀನ ಬೆವರು ಒರೆಸಿಕೊಂಡ. ಹಿಂದೆ ತಿರುಗಿ ಕಾರಿನ ಕಡೆ ಬರಲು ಒಂದು ಹೆಜ್ಜೆ ಇಟ್ಟ. ನಿಂತ. ಮತ್ತೆ ಯಜಮಾನನ ಕಡೆ ಅರ್ಧ ತಿರುಗಿದ.

"ಅಕ್ಕನ್ ಎಡಗಾಲಂಗೆ ಬಲ ಇಲ್ಲೆ" ಎಂದ. ಸ್ವರ ಎಷ್ಟು ಸಣ್ಣದೆಂದರೆ ತುಟಿ ನೋಡಿಯೇ ನನಗೆ ಗೊತ್ತಾದದ್ದು. "ಸಣ್ಣ್ ಪ್ರಾಯದಂಗೇ ಹೋದ್ದ್. ಗಾಡಿ ಅವ್ಳದ್ದ್. ಬಿಡೂದೂ ಅವ್ಳೇ."

ಯಜಮಾನ ತಲೆ ಎತ್ತಿ ನನ್ನ ಕಾಲನ್ನು ನೋಡಿದ. ಅಂಗಡಿಗೆ ಬಂದವರ ಚೀಲ ನೋಡುವ ಹಾಗೆ ನೋಡಿದ, ಅಷ್ಟೇ. "ಹಾಂಗಂದ್ ಮೊದ್ಲೇ ಹೇಳೂದಲ್ದಾ? ಒಂದಿತ್ತ್. ಹಿಂದಿಂದ ಲಾರಿ ಗುದ್ದಿದ್ ಗಾಡಿ, ಎದ್ರ್ ಎಲ್ಲ ಸಮ ಇತ್ತ್. ಬನ್ನಿ, ತೋರ್ಸ್ತೆ" ಎಂದು ಎದ್ದು, ಲುಂಗಿ ಕಟ್ಟಿಕೊಂಡು ಗಾಡಿಗಳ ಸಂದಿಯಲ್ಲಿ ನಡೆದೇಬಿಟ್ಟ.

ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ. ಯಾರೂ ಅಯ್ಯೋ ಎನ್ನಲಿಲ್ಲ. ಇಷ್ಟಕ್ಕಾಗಿಯೇ ಏನು ನಾವೆಲ್ಲ ಒಂದು ಆಯುಷ್ಯ ಪೂರ್ತಿ ಬಾಯಿಗೆ ಬಟ್ಟೆ ತುರುಕಿಕೊಂಡು ಬದುಕಿದ್ದು? ನನಗೆ ಅಳು ಬರಬೇಕಿತ್ತೋ ಏನೋ, ಬಂದದ್ದು ಮಾತ್ರ ಸಿಟ್ಟೇ, ಇಷ್ಟು ದಿನದ್ದೆಲ್ಲ ಒಟ್ಟು ಸೇರಿ. ಶೀನ ನನ್ನ ಹತ್ತಿರ ಬಂದ. ಅವನ ಮುಖ ಕಡಲಿನಿಂದ ದಡ ಹತ್ತಿದವನ ಹಾಗಿತ್ತು. ಕಣ್ಣು ತುಂಬಿತ್ತು.

"ಹೇಳ್ದೆ ಅಕ್ಕ" ಎಂದ.

"ನಂಗ್ ಕೇಂಡಿದ್ದಿಲ್ಲೆ" ಎಂದೆ. "ಗಟ್ಟಿ ಹೇಳ್."

ಅವನು ನನ್ನನ್ನೇ ನೋಡಿದ. ಆಮೇಲೆ ಎದೆ ತುಂಬ ಉಸಿರು ಎಳೆದುಕೊಂಡು, ಬೋಟಿನಿಂದ ಬೋಟಿಗೆ ಕೂಗುವ ಸ್ವರದಲ್ಲಿ ಹೇಳಿದ. ಬಸ್ಸಿನ ತಗಡು ಕೊಯ್ಯುತ್ತಿದ್ದವರು ಕಟರ್ ನಿಲ್ಲಿಸಿ ತಿರುಗಿ ನೋಡಿದರು.

"ಇನ್ನೊಂದ್ ಸಲ" ಎಂದೆ.